ಅಳಿಸಿಹೋದ ಹದಿಮೂರು ಗಂಟೆ

ಹೇಮಾವತಿ ಹೊಳೆಯ ದಂಡೆಯಲ್ಲಿ ಮರುಳಯ್ಯನವರ ಆಶ್ರಮವಿತ್ತು. ಆಶ್ರಮ ಅಂದ ತಕ್ಷಣ ಗೋಪುರ, ಮಂಟಪ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ನಾಲ್ಕು ಕೋಣೆ, ಮುಂದೊಂದು ಜಗಲಿ, ಹೊಳೆಗೆ ಇಳಿಯಲು ಹತ್ತು ಮೆಟ್ಟಿಲು, ಅಷ್ಟೇ. ಅಲ್ಲಿದ್ದವರು ಮೂರು ಜನ. ನಿಂಗಾಜಮ್ಮ ತೀರಿಕೊಂಡ ಮೇಲೆ ಇಬ್ಬರಾದರು.

ಮರುಳಯ್ಯನವರು ಗುರುಗಳು. ವಯಸ್ಸು ಎಂಬತ್ತರ ಹತ್ತಿರ. ಮಾತು ಕಡಿಮೆ. ಆಡಿದರೆ ಕೇಳಿದವರು ಎರಡು ದಿನ ತಲೆ ಕೆರೆದುಕೊಳ್ಳಬೇಕು.

ಶಿಷ್ಯನ ಹೆಸರು ಪಾಲಾಕ್ಷ. ಮೂವತ್ತಾರು ದಾಟಿದ ಆಳು. ಮೊದಲು ಹಾಸನದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಒಂಬತ್ತು ವರ್ಷ ಊರವರ ಮದುವೆಯೆಲ್ಲ ನೋಡಿದ. ಒಂದು ಮದುವೆಯಲ್ಲೂ ಪಂಕ್ತಿಯಲ್ಲಿ ಕೂತು ಉಂಡವನಲ್ಲ. ಒಂದು ದಿನ ಸಾಕಾಗಿ ಎದ್ದು ಬಂದುಬಿಟ್ಟ.

"ಬುದ್ಧಿ, ಇಲ್ಲಿ ಇರಬಹುದಾ?"

"ನಿನಗೆ ಏನು ಬರುತ್ತೆ?"

"ಕತ್ತರಿಸೋದು, ಜೋಡಿಸೋದು ಬರುತ್ತೆ."

"ತರಕಾರಿಯಾ?"

"ಅಲ್ಲ ಬುದ್ಧಿ, ವಿಡಿಯೋ."

"ಒಳಗೆ ನಿಂಗಾಜಮ್ಮ ಇದ್ದಾಳೆ. ಹೋಗಿ ತರಕಾರಿ ಕಲಿ."

ಹೀಗೆ ನಮ್ಮ ಪಾಲಾಕ್ಷ ಆಶ್ರಮ ಸೇರಿದ್ದು. ಆರು ತಿಂಗಳು ಈಳಿಗೆಮಣೆ ಮುಂದೆ ಕೂತ. ಎದುರಿಗೆ ನಿಂಗಾಜಮ್ಮ.

ನಿಂಗಾಜಮ್ಮನ ವಿಷಯ ಹೇಳಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಗಂಟು ಹಿಡಿದು ತೆಪ್ಪದಿಂದ ಇಳಿದವಳು, ನೇರ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದವಳು. ಎಲ್ಲಿಂದ ಬಂದೆ ಅಂತ ಗುರುಗಳು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಓದು ಬರಹ ಇಲ್ಲ. ಆದರೆ ಮುದ್ದೆ ತಿರುವುತ್ತಾ ಒಂದು ಮಾತು ಆಡಿದಳು ಅಂದರೆ, ಬಂದ ಭಕ್ತರು ಗುರುಗಳನ್ನು ಬಿಟ್ಟು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಪಾಲಾಕ್ಷನಿಗಂತೂ ಅವಳೇ ಎಲ್ಲ. ಹುಟ್ಟಿದ ಮೇಲೆ ಅವನನ್ನು ಅಷ್ಟು ಬೈದವರು, ಅಷ್ಟು ಬಡಿಸಿದವರು ಬೇರೆ ಯಾರೂ ಇರಲಿಲ್ಲ. ಅಜ್ಜಿ ಅಂತ ಕರೆಯುತ್ತಿದ್ದ.

ಕೆಲವು ವರ್ಷ ಕಳೆದ ಮೇಲೆ ಅಜ್ಜಿಯ ಕಾಲು ಬಿದ್ದುಹೋಯಿತು. ಹಾಸಿಗೆ ಹಿಡಿದಳು. ಗುರುಗಳು ಪಾಲಾಕ್ಷನನ್ನು ಕರೆದರು.

"ನಿನ್ನ ಕ್ಯಾಮೆರಾ ಇನ್ನೂ ಇದೆಯಾ?"

"ಇದೆ ಬುದ್ಧಿ."

"ಅವಳ ಮಾತು ಹಿಡಿದಿಡು."

"ನೀವೂ ಬಂದು ಕೂತ್ಕೊಳ್ಳಿ."

"ನಾನಿದ್ರೆ ನನಗೆ ಬೇಕಾದ್ದು ಹೇಳ್ತಾಳೆ. ನೀನೊಬ್ಬನೇ ಹೋಗು."

ಹೊಳೆ ಸದ್ದು ಬರದ ಹಾಗೆ ಬಾಗಿಲು ಮುಚ್ಚಿಕೊಂಡು ಎರಡು ತಿಂಗಳು ಅವನು ಅಜ್ಜಿಯ ಮುಂದೆ ಕೂತ. ಅವಳು ಹೇಳಿದಳು, ಅವನು ಕೇಳಿದ. ಒಟ್ಟು ಹದಿಮೂರು ಗಂಟೆ. ಕೋಣೆಯಲ್ಲಿ ಮೂರನೆಯವರು ಯಾರೂ ಇರಲಿಲ್ಲ.

ಆಷಾಢದಲ್ಲಿ ಅಜ್ಜಿ ಹೋದಳು.

ಅವಳು ಹೋದ ಮೇಲೆ ಪಾಲಾಕ್ಷ ಎಡಿಟ್‌ಗೆ ಕೂತ. ಕಂಪ್ಯೂಟರಿನೊಳಗೆ ಅವಳು ಬದುಕೇ ಇದ್ದಳಲ್ಲ, ದುಃಖ ಅಷ್ಟಾಗಿ ತಟ್ಟಲಿಲ್ಲ. ತಡವರಿಸಿದ್ದನ್ನು ತೆಗೆದ. ಆಡಿದ್ದನ್ನೇ ಆಡಿದ್ದನ್ನು ತೆಗೆದ. ಸಂಸಾರದ ಮಾತು, ಬೈಗುಳ, ಎಲ್ಲ ತೆಗೆದ. ಮುಕ್ಕಾಲು ಗಂಟೆಯ ಚಿತ್ರ ಉಳಿಯಿತು. ಅದರಲ್ಲಿ ಕೂತವಳು ನಿಂಗಾಜಮ್ಮ ಅನ್ನುವುದಕ್ಕಿಂತ ಯಾವುದೋ ಗುಡಿಯ ತಾಯಿ ಅನ್ನಬಹುದಿತ್ತು.

ಗುರುಗಳಿಗೆ ತೋರಿಸಿದ. ಅವರು ಕೊನೆವರೆಗೂ ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅನ್ನಲೂ ಇಲ್ಲ.

"ಹದಿಮೂರು ಗಂಟೆ ಇತ್ತಲ್ಲ, ಮಿಕ್ಕಿದ್ದು ಎಲ್ಲಿ?"

"ಹಾಗೇ ಇದೆ ಬುದ್ಧಿ. ಎಡಿಟ್ ಮಾಡಿದ್ರೆ ಮೂಲಕ್ಕೆ ಕತ್ತರಿ ಬೀಳಲ್ಲ. ಎಲ್ಲಿಂದ ಎಲ್ಲಿವರೆಗೆ ತೋರಿಸ್ಬೇಕು ಅಂತ ಕಂಪ್ಯೂಟರ್ ಒಂದು ಪಟ್ಟಿ ಬರ್ಕೊಳುತ್ತೆ, ಅಷ್ಟೇ. ಮೂಲ ಎಲ್ಲ ಈ ಡಿಸ್ಕಿನಲ್ಲಿ ಕೂತಿರುತ್ತೆ."

"ಇಂಥ ಡಿಸ್ಕು ಎಷ್ಟಿವೆ?"

"ಒಂದೇ."

"ಇನ್ನೊಂದು ಕಡೆ ಇಡಲಿಲ್ವಾ?"

"ಒಂದು ಸಾಕಲ್ವಾ ಬುದ್ಧಿ? ಕೂಡಿಡಬಾರದು, ಅಪರಿಗ್ರಹ ಅಂತ ನೀವೇ ಹೇಳ್ತೀರಿ."

"ಅಪರಿಗ್ರಹ ನಿನ್ನ ಪಂಚೆಗೆ ಕಣಪ್ಪ. ಅವಳ ಮಾತಿಗಲ್ಲ."

ಪಾಲಾಕ್ಷ ಹೂಂ ಅಂದ. ಅಂದು ಮರೆತ.

ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಕೋಣೆಯ ಗೋಡೆಯಲ್ಲೂ ಒಂದು ಗೂಡು. ಯಾರ ಸಾಮಾನು ಏನಿದ್ದರೂ ಆ ಗೂಡಿನಲ್ಲಿ ಹಿಡಿಸಬೇಕು. ಅಮಾವಾಸ್ಯೆ ದಿನ ಗೂಡು ಬರಿದು ಮಾಡಬೇಕು. ಆ ತಿಂಗಳು ಕೈ ತಾಗದ ವಸ್ತು ಏನಿದೆಯೋ ಅದನ್ನೆಲ್ಲ ತಂದು ಜಗಲಿಯ ಮೇಲೆ ಇಡಬೇಕು. ಮೂರು ದಿನ ಅದು ಅಲ್ಲೇ ಇರುತ್ತದೆ. ತೆಪ್ಪದವನು, ಬಟ್ಟೆ ಒಗೆಯೋರು, ದಾರಿಹೋಕರು, ಯಾರಿಗೆ ಬೇಕೋ ಅವರು ಒಯ್ಯುತ್ತಾರೆ. ಮೂರು ದಿನವಾದರೂ ಯಾರೂ ಮುಟ್ಟದೆ ಉಳಿದರೆ ಮಾತ್ರ ಎಸೆಯೋದು.

ಈ ಪದ್ಧತಿಯಲ್ಲಿ ಪಾಲಾಕ್ಷನಿಗೆ ಬಲು ಹುರುಪು. ಗೂಡು ಎಷ್ಟು ಬರಿದಾದರೆ ತಾನು ಅಷ್ಟು ಮೇಲೇರಿದೆ ಅಂದುಕೊಳ್ಳೋನು.

ಮಹಾಲಯ ಅಮಾವಾಸ್ಯೆ ಬಂತು. ಒಂದು ಟವೆಲ್, ನಿಂತುಹೋದ ವಾಚು, ಸ್ಟುಡಿಯೋ ಕಾಲದ ಒಂದು ಶರ್ಟು ತೆಗೆದು ಜಗಲಿಯಲ್ಲಿಟ್ಟ. ಗೂಡು ಖಾಲಿಯಾಯಿತು. ಹುರುಪು ಇನ್ನೂ ಉಳಿದಿತ್ತು. ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. ಇದೂ ಒಂದು ಗೂಡು ತಾನೇ ಅನ್ನಿಸಿತು.

ಚಿತ್ರ ಮುಗಿದಿತ್ತು, ಬೇರೆಯಾಗಿ ಭದ್ರವಾಗಿತ್ತು. ಆದರೂ ಎಡಿಟ್ ಪಟ್ಟಿಯಲ್ಲಿ ಹದಿಮೂರು ಗಂಟೆಯ ತುಣುಕುಗಳೆಲ್ಲ ಹಾಗೇ ತುಂಬಿಕೊಂಡಿದ್ದವು. ಪಟ್ಟಿಯಿಂದ ತೆಗೆದು ಹಗುರ ಮಾಡೋಣ ಅಂತ ಎಲ್ಲವನ್ನೂ ಆರಿಸಿ ತೆಗೆ ಅಂದ.

ಕಂಪ್ಯೂಟರ್ ಕೇಳಿತು, ಪಟ್ಟಿಯಿಂದ ಮಾತ್ರ ತೆಗೆಯಲೋ, ಡಿಸ್ಕಿನಿಂದಲೇ ಅಳಿಸಲೋ ಅಂತ.

ಮದುವೆ ಸ್ಟುಡಿಯೋದಲ್ಲಿ ಒಂದು ಮದುವೆಯ ಚಿತ್ರ ಮನೆಯವರ ಕೈಗೆ ಕೊಟ್ಟ ಕೂಡಲೇ ಮೂಲ ಅಳಿಸಿಹಾಕುತ್ತಿದ್ದರು. ಮುಂದಿನ ಮದುವೆಗೆ ಜಾಗ ಬೇಕಲ್ಲ. ಒಂಬತ್ತು ವರ್ಷ ಅವನ ಬೆರಳು ಒತ್ತಿದ್ದು ಆ ಎರಡನೆಯದನ್ನೇ. ಕಣ್ಣು ಓದುವ ಮೊದಲೇ ಬೆರಳು ಒತ್ತಿಬಿಟ್ಟಿತು.

ಡಿಸ್ಕು ನೋಡಿದ. ಖಾಲಿ.

ಮುಚ್ಚಿ ಮತ್ತೆ ತೆರೆದು ನೋಡಿದ, ಖಾಲಿಯೇ. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಚಿತ್ರ ಇದೆಯಲ್ಲ, ಹೋಗಿದ್ದು ಕಸ ತಾನೇ, ಇನ್ನು ಅದನ್ನು ಯಾರು ಕೇಳುತ್ತಾರೆ. ಹೀಗೆ ಮೂರು ಸಲ ಅಂದುಕೊಂಡ ಮೇಲೆ ಅದೂ ಒಂದು ತ್ಯಾಗವೇ ಅನ್ನಿಸತೊಡಗಿತು. ಮನುಷ್ಯನ ಬುದ್ಧಿ ನೋಡಿ.

ಖಾಲಿಯಾದ ಡಿಸ್ಕಿನಲ್ಲಿ ಭಕ್ತರಿಗೆ ಕೊಡಲು ಚಿತ್ರದ ಪ್ರತಿಗಳನ್ನು ತುಂಬಿದ. ಕಾರ್ತಿಕದ ಭಜನೆ ತುಂಬಿದ. ಗುರುಗಳಿಗೆ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಅಂದುಕೊಂಡ. ಹೇಳುವಂಥದ್ದು ಇತ್ತು, ಅದಕ್ಕೇ ಹೇಳಲಿಲ್ಲ.

ಚಿತ್ರ ಊರೂರು ಸುತ್ತಿತು. ಅದರಲ್ಲೊಂದು ಮಾತು ಎಲ್ಲರ ಬಾಯಲ್ಲೂ ಬಂತು. ಅಜ್ಜಿ ನೇರ ನೋಡುತ್ತಾ ಹೇಳುತ್ತಾಳೆ: "ನನಗೆ ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ." ಅಲ್ಲಿಗೆ ಚಿತ್ರ ಮುಗಿಯುತ್ತದೆ. ಎಂಥ ವೈರಾಗ್ಯ ಅಂತ ಜನ ಕಣ್ಣೊರೆಸಿಕೊಂಡರು. ಯಾರೋ ಅದನ್ನು ಕ್ಯಾಲೆಂಡರಿನಲ್ಲೂ ಹಾಕಿಸಿದರು.

ಆಶ್ರಮದಲ್ಲಿ ಮಾತ್ರ ಸದ್ದಡಗಿತು. ಎರಡು ತಟ್ಟೆ, ಎರಡು ಲೋಟ. ಗುರುಗಳು ಉಂಡು ಎದ್ದು ಹೋಗುತ್ತಿದ್ದರು. ಪಾಲಾಕ್ಷ ಪಾತ್ರೆ ತೊಳೆದು ಒಬ್ಬನೇ ಕೂರುತ್ತಿದ್ದ. ಬೈಯೋರಿಲ್ಲದೆ ದಿನ ಉದ್ದವಾಗಿತ್ತು.

ಅಜ್ಜಿಯ ನೆನಪಾದಾಗ ಚಿತ್ರ ಹಾಕಿಕೊಳ್ಳುತ್ತಿದ್ದ. ಮೊದಮೊದಲು ಹಿತವಾಗಿತ್ತು. ಹತ್ತು ಹನ್ನೆರಡು ಸಲ ಆದ ಮೇಲೆ, ಅವಳು ಬಾಯಿ ತೆರೆಯುವ ಮೊದಲೇ ಅವನಿಗೆ ಮಾತು ಗೊತ್ತಿರುತ್ತಿತ್ತು. ಹೊಸದಾಗಿ ಅವಳು ಏನೂ ಹೇಳಲಾರಳು ಅಂತ ಆಗ ಅರ್ಥವಾಯಿತು. ಅಜ್ಜಿ ಸತ್ತದ್ದು ಅವನಿಗೆ ನಿಜವಾಗಿ ತಟ್ಟಿದ್ದು ಆವತ್ತು. ಕಂಪ್ಯೂಟರ್ ಮುಚ್ಚಿಟ್ಟು ಅತ್ತ.

ಮಾಘದಲ್ಲಿ ಒಂದು ಬೆಳಿಗ್ಗೆ ತೆಪ್ಪದಿಂದ ಒಬ್ಬ ಹೆಂಗಸು ಇಳಿದಳು. ಐವತ್ತರ ಆಸುಪಾಸು. ಕೈಯಲ್ಲಿ ಒಂದು ಚೀಲ. ಮೆಟ್ಟಿಲು ಹತ್ತಿ ಬಂದವಳು ಕೈಮುಗಿದು ಜಗಲಿಯ ಅಂಚಿಗೆ ಕೂತಳು.

"ಎಲ್ಲಿಂದ ಬಂದೆ ತಾಯಿ?" ಗುರುಗಳು ಕೇಳಿದರು.

"ಚನ್ನರಾಯಪಟ್ಟಣದ ಆಚೆ, ಬುದ್ಧಿ. ನನ್ನ ಹೆಸರು ದಾಕ್ಷಾಯಿಣಿ."

ಚೀಲದಿಂದ ಫೋನ್ ತೆಗೆದಳು. ಪಾಲಾಕ್ಷ ಮಾಡಿದ ಚಿತ್ರ ಅದರಲ್ಲಿ ಓಡಿತು. ಕೊನೆಯ ಮಾತು ಬಂತು, ನಿಂತಿತು.

"ಇವಳು ನಮ್ಮವ್ವ," ಅಂದಳು.

ಗುರುಗಳು ತಲೆಯೆತ್ತಿ ಅವಳನ್ನು ನೋಡಿದರು. ಅವರ ಮುಖ ನೋಡಿದ ಪಾಲಾಕ್ಷನಿಗೆ ಗೊತ್ತಾಯಿತು, ಅವರಿಗೆ ಇದು ಗೊತ್ತಿರಲಿಲ್ಲ.

"ನಿಂಗಾಜಮ್ಮನಿಗೆ ಮಗಳಿದ್ದಳಾ?"

"ನಾನೊಬ್ಬಳೇ. ಜಗಳ ಆಡ್ಕೊಂಡು ಮನೆ ಬಿಟ್ಟಳು. ಇಲ್ಲಿದ್ದಾಳೆ ಅಂತ ಗೊತ್ತಿತ್ತು ಬುದ್ಧಿ. ಅವಳೇ ಬರಲಿ ಅಂತ ನಾನು ಕೂತೆ. ಎರಡು ಬಸ್ಸು, ಒಂದು ತೆಪ್ಪದ ದಾರಿ. ಇಪ್ಪತ್ತೆರಡು ವರ್ಷ ಹೋಯ್ತು. ಸತ್ತಳು ಅಂತ ಯಾರೂ ಹೇಳಿ ಕಳಿಸಲಿಲ್ಲ."

"ಯಾರಿದ್ದಾರೆ ಅಂತ ನಮಗೆ ಗೊತ್ತಿರಲಿಲ್ಲ ತಾಯಿ."

"ಹೌದು. ಯಾರೂ ಇಲ್ಲ ಅಂದಳಲ್ಲ." ಫೋನನ್ನು ಮಡಿಲಲ್ಲಿ ಮಗುಚಿಟ್ಟಳು. "ಒಂದೇ ಮಾತು ಕೇಳಿ ಹೋಗೋಣ ಅಂತ ಬಂದೆ. ಇದನ್ನ ತೆಗೆದೋರು ಯಾರು?"

"ನಾನು ಅಕ್ಕ."

"ಅವ್ವ ನಿಜವಾಗ್ಲೂ ಹಾಗಂದಳಾ? ಆಮೇಲೆ ಬೇರೆ ಏನೂ ಅನ್ನಲಿಲ್ವಾ? ನಾನು ಇದ್ದೆನಪ್ಪ. ನಾನು ಇದ್ದೇ ಇದ್ದೆ."

ಪಾಲಾಕ್ಷನ ಕಣ್ಣು ಮಗುಚಿಟ್ಟ ಫೋನಿನ ಮೇಲೆ ಹೋಯಿತು.

ಅಂದಿದ್ದಳು. ಆ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಉಸಿರು ತೆಗೆದುಕೊಂಡು ಅಜ್ಜಿ ಮುಂದುವರಿಸಿದ್ದಳು. ಉಸಿರು ತೆಗೆದುಕೊಂಡ ಆ ಸಂದಿನಲ್ಲೇ ಇವನು ಕತ್ತರಿ ಆಡಿಸಿದ್ದ.

"ಒಂದು ನಿಮಿಷ ಅಕ್ಕ," ಅಂದು ಒಳಗೆ ಓಡಿದ.

ಓಡಿ ಏನು ಪ್ರಯೋಜನ ಅಂತ ಅವನಿಗೆ ಗೊತ್ತಿತ್ತು. ಆದರೂ ಓಡಿದ. ಪಟ್ಟಿ ಬರಿದು ಮಾಡುವ ಮೊದಲು ಉಳಿಸಿಟ್ಟಿದ್ದ ಹಳೆಯ ಎಡಿಟ್ ತೆರೆದ. ಅಜ್ಜಿಯ ಮುಖ ಇರಬೇಕಾದ ಕಡೆಯೆಲ್ಲ ಕೆಂಪು. ಮೂಲ ಸಿಗುತ್ತಿಲ್ಲ ಅಂತ ಬರೆದಿತ್ತು. ಒಂದೊಂದೇ ತುಣುಕು ಸರಿಸಿ ನೋಡಿದ. ಎಲ್ಲ ಕೆಂಪು.

ಅಳಿಸಿದ್ದನ್ನು ಹುಡುಕಿ ತರುವ ಸಲಕರಣೆ ಒಂದು ಹಾಕಿದ. ಅದು ಡಿಸ್ಕನ್ನು ಮೂಲೆಮೂಲೆಯಿಂದ ಜಾಲಾಡಿತು. ಹೊತ್ತು ನೆತ್ತಿಗೆ ಬಂತು. ಕೊನೆಗೆ ಕಡತದ ಹೆಸರುಗಳು ಬಂದವು. ಅಜ್ಜಿ ಒಂದು, ಅಜ್ಜಿ ಎರಡು, ಅಜ್ಜಿ ಮೂರು. ತೆರೆದರೆ ಒಳಗೆ ಕಾರ್ತಿಕದ ಭಜನೆಯ ತಾಳ.

ಅವಳ ಜಾಗದಲ್ಲಿ ತಾನೇ ತಾಳ ಹಾಕಿಸಿದ್ದ.

ಬಾಗಿಲಲ್ಲಿ ನೆರಳು ಬಿತ್ತು. ಗುರುಗಳು ಆ ಕೋಣೆಗೆ ಬಂದದ್ದು ಅದೇ ಮೊದಲು.

"ಏನು ಹುಡುಕ್ತಿದೀಯ?"

ಪಾಲಾಕ್ಷ ಎಲ್ಲ ಹೇಳಿದ. ಅಮಾವಾಸ್ಯೆ, ಪಟ್ಟಿ, ಬೆರಳು, ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದು.

"ಅಳಿಸಿದ ತಕ್ಷಣ ಕೈಕಟ್ಟಿ ಕೂತಿದ್ರೆ ಸಿಗ್ತಿತ್ತು ಬುದ್ಧಿ. ಡಿಸ್ಕಿಗೆ ಬೇರೆ ಏನೂ ಹಾಕಬಾರದಿತ್ತು. ನಾನು ಅದರ ಮೇಲೆ ತುಂಬಿದೆ."

"ಯಾಕೆ ತುಂಬಿದೆ?"

"ಖಾಲಿ ಇರೋದು ನೋಡೋಕೆ ಭಯ ಆಯ್ತು."

ಗುರುಗಳು ಕೆಂಪು ಪರದೆಯನ್ನೇ ನೋಡುತ್ತಾ ನಿಂತರು.

"ಗೂಡು ಬರಿದು ಮಾಡಿದೆ ಅಂದೆ. ಜಗಲಿ ಮೇಲೆ ಇಟ್ಟೆಯಾ?"

"ಇಲ್ಲ."

"ಯಾಕೆ?"

"ಇದು ಯಾರಿಗೆ ಬೇಕು ಅಂದ್ಕೊಂಡೆ."

"ಮೂರು ದಿನ ಜಗಲಿ ಮೇಲೆ ಯಾಕೆ ಇಡ್ತೀವಿ ಅಂತ ನಿನಗೆ ಇಷ್ಟು ವರ್ಷಕ್ಕೂ ತಿಳೀಲಿಲ್ವಾ? ಯಾರಿಗೆ ಬೇಕೋ ನನಗೆ ಗೊತ್ತಿಲ್ಲ ಅಂತ ಇಡೋದು."

ಪಾಲಾಕ್ಷ ಕಂಪ್ಯೂಟರ್ ಮುಚ್ಚಿದ.

"ನನ್ನ ಹತ್ತಿರ ಹೇಳಿದ್ದು ಸಾಕು. ಕೇಳಿದವಳು ಹೊರಗೆ ಕೂತಿದ್ದಾಳೆ," ಅಂದರು ಗುರುಗಳು.

ದಾಕ್ಷಾಯಿಣಿ ಕೂತಲ್ಲೇ ಕೂತಿದ್ದಳು. ಇಟ್ಟ ನೀರೂ ಮುಟ್ಟಿರಲಿಲ್ಲ. ಪಾಲಾಕ್ಷ ಎದುರಿಗೆ ಕೂತ. ಇವಳ ಮನಸ್ಸಿಗೆ ನೋವಾಗದ ಹಾಗೆ ಹೇಳಬೇಕು ಅಂದುಕೊಂಡ. ಒಳ್ಳೆಯ ಉದ್ದೇಶವೇ. ಅವನ ಉದ್ದೇಶ ಯಾವತ್ತೂ ಒಳ್ಳೆಯದೇ ಇರುತ್ತಿತ್ತು, ಅದೇ ತೊಂದರೆ.

"ಅಕ್ಕ, ಅಜ್ಜಿ ನಿಮ್ಮನ್ನ ತುಂಬಾ ನೆನೆಸ್ಕೊಂಡ್ರು. ನನಗೆ ಮಗಳಿದ್ದಾಳೆ ಅಂದ್ರು. ನಿಮ್ಮ ಮೇಲೆ ಅವರಿಗೆ ಬಹಳ ಪ್ರೀತಿ ಇತ್ತು. ಎಲ್ಲಾನೂ ಕ್ಷಮಿಸಿದ್ರು."

ಅವಳ ಕಣ್ಣು ಒಂದು ಗಳಿಗೆ ಅರಳಿತು.

"ತೋರಿಸಿ."

"ಅದು... ಅಳಿಸಿಹೋಯ್ತು ಅಕ್ಕ. ನನ್ನ ಕೈಯಿಂದಲೇ ತಪ್ಪಾಯ್ತು."

"ಧ್ವನಿನಾದ್ರೂ?"

"ಅದೂ ಇಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಅವನಿಗೆ ಎಷ್ಟೋ ಮೇಲಾಗುತ್ತಿತ್ತು.

"ನಮ್ಮವ್ವ ಪ್ರೀತಿ ಅನ್ನೋ ಮಾತನ್ನ ಹುಟ್ಟಿದಾಗಿಂದ ಬಾಯಲ್ಲಿ ಆಡಿದವಳಲ್ಲ ಕಣಪ್ಪ. ಕ್ಷಮಿಸೋದಂತೂ ಅವಳ ಜಾಯಮಾನದಲ್ಲೇ ಇಲ್ಲ. ನೀವು ಒಳ್ಳೇವ್ರು. ಅಷ್ಟು ದೂರದಿಂದ ಬಂದಳಲ್ಲ ಅಂತ ಸಮಾಧಾನಕ್ಕೆ ಹೇಳ್ತಿದೀರಿ."

"ಇಲ್ಲ ಅಕ್ಕ, ನಿಜ."

"ಇರಲಿ ಬಿಡಿ."

ಚೀಲ ಎತ್ತಿಕೊಂಡಳು. ಗುರುಗಳಿಗೆ ನಮಸ್ಕಾರ ಮಾಡಿದಳು. ಮೆಟ್ಟಿಲು ಇಳಿದು ಹೋದಳು. ತೆಪ್ಪ ಆಚೆ ದಡದಲ್ಲಿತ್ತು. ಕೊನೆಯ ಮೆಟ್ಟಿಲ ಮೇಲೆ ನೀರಿಗೆ ಮುಖ ಮಾಡಿ ಕೂತಳು. ಅವಳ ಬೆನ್ನು ಮಾತ್ರ ಜಗಲಿಗೆ ಕಾಣುತ್ತಿತ್ತು.

ಪಾಲಾಕ್ಷನಿಗೆ ತಡೆಯಲಾಗಲಿಲ್ಲ. ಗುರುಗಳ ಕಾಲ ಬಳಿ ಕುಸಿದು ಕೂತ.

"ನೀವು ಒಂದು ಮಾತು ಹೇಳಿ ಬುದ್ಧಿ. ನಾನೂ ಕೇಳಿಸ್ಕೊಂಡೆ ಅನ್ನಿ. ನೀವಂದ್ರೆ ನಂಬ್ತಾರೆ."

"ನಾನು ಕೇಳಿಸ್ಕೊಂಡೆನಾ?"

"ಇಲ್ಲ."

"ಮತ್ತೆ?"

"ಆದ್ರೆ ಅದು ನಿಜ ಬುದ್ಧಿ. ನಿಜಕ್ಕೆ ಸಾಕ್ಷಿ ಹೇಳಿದ್ರೆ ಸುಳ್ಳು ಹೇಗಾಗುತ್ತೆ?"

ಗುರುಗಳು ಹೊಳೆಯ ಕಡೆ ನೋಡಿದರು. ಅವರ ಗಂಟಲಿನಿಂದ ಬಂದ ಧ್ವನಿಯನ್ನು ಪಾಲಾಕ್ಷ ಹಿಂದೆ ಕೇಳಿರಲಿಲ್ಲ.

"ಇಪ್ಪತ್ತೆರಡು ವರ್ಷ ಅವಳ ಕೈಯ ಮುದ್ದೆ ಉಂಡೆ. ಮಗಳಿದ್ದಾಳೆ ಅಂತ ನನಗೆ ಒಂದು ದಿನ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದೇ ಇರೋದು ದೊಡ್ಡತನ ಅಂದ್ಕೊಂಡಿದ್ದೆ." ಅವನ ಕಡೆ ತಿರುಗಿ ಅಂದರು, "ನಿನಗೆ ಹೇಳಿದಳು. ಏನಂದಳು?"

"ಮಗಳನ್ನ ನೆನೆಸ್ಕೊಂಡು..."

"ಹಾಗಂದಳಾ?"

"ಅಂದ್ರೆ, ಅರ್ಥ ಅದೇ ಬುದ್ಧಿ."

"ಅರ್ಥ ಬೇಡ. ಅವಳು ಏನಂದಳು?"

ಪಾಲಾಕ್ಷ ಕಣ್ಣು ಮುಚ್ಚಿದ. ಮುಚ್ಚಿದ ಬಾಗಿಲು, ಮಂಚದ ಮೇಲೆ ಗೋಡೆಗೆ ಒರಗಿದ ಅಜ್ಜಿ, ಕಂಬಳಿ. ನಿಧಾನವಾಗಿ ಬಂತು.

"ಮೊದಲು ನಶ್ಯ ಕೇಳಿದ್ರು. ನಾನು ಕೊಡಲಿಲ್ಲ. ಮೂಗಿಗೆ ಅಂಟಿರೋದು ಕ್ಯಾಮೆರಾದಲ್ಲಿ ಕಾಣುತ್ತೆ ಅಂದೆ. ನಿನ್ನ ಕ್ಯಾಮೆರಾ ಮನೆ ಹಾಳಾಗ ಅಂತ ಬೈದ್ರು. ಕೊನೆಗೆ ಕೊಟ್ಟೆ. ಏರಿಸಿ, ಮೂಗು ಒರೆಸ್ಕೊಂಡು, ಆ ಮಾತು ಅಂದ್ರು. ನನಗೆ ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಅಂದು ಉಸಿರು ತಗೊಂಡು ನಕ್ಕರು."

"ನಕ್ಕಳಾ?"

"ಹೂಂ. ನಕ್ಕು ಹೇಳಿದ್ರು, 'ಅಂತ ಎಲ್ಲಾರ್ಗೂ ಹೇಳ್ಕೊಂಡ್ ಬಂದಿವ್ನಿ ಕಣೋ. ಸುಳ್ಳು. ನಂಗೊಬ್ಬಳು ಮಗಳವ್ಳೆ, ದಾಕ್ಷಿ ಅಂತ. ಹಟಮಾರಿ ಮುಂಡೇದು. ಗಬ್ಬದ ಎಮ್ಮೇನ ನನ್ನ ಒಂದು ಮಾತು ಕೇಳ್ದೆ ಮಾರ್ಬುಟ್ಳು. ಅದಕ್ಕೇ ಮನೆ ಬಿಟ್ಟು ಬಂದೆ. ಇಲ್ಲಿ ಜನ ವೈರಾಗ್ಯ ವೈರಾಗ್ಯ ಅಂತಾರೆ. ವೈರಾಗ್ಯವೂ ಇಲ್ಲ, ಮಣ್ಣೂ ಇಲ್ಲ. ಎಮ್ಮೆ ಕಣೋ.'"

ಗುರುಗಳ ಮುಖದಲ್ಲಿ ಏನೋ ಸಡಿಲವಾಯಿತು. ನಗುವೋ ಅಳುವೋ ಪಾಲಾಕ್ಷನಿಗೆ ತಿಳಿಯಲಿಲ್ಲ.

"ಆಮೇಲೆ?"

"'ಮೊದಲ್ನೇ ವರ್ಷ ದಿನಾ ಹೋಗಿ ಮೆಟ್ಲ ಮೇಲೆ ಕೂತ್ಕೊತಿದ್ದೆ,' ಅಂದ್ರು. 'ಕರಿಯಾಕ್ ಬತ್ತಾಳೆ ಅಂತ. ಬಂದ್ರೆ ಬೈಬೇಕು ಅಂತ ಬೈಗುಳನೆಲ್ಲ ಜೋಡಿಸಿ ಇಟ್ಕೊಂಡಿದ್ದೆ. ಬರ್ಲಿಲ್ಲ. ನಾನೂ ಹೋಗ್ಲಿಲ್ಲ. ಈಗ ಬೈಯಾಣ ಅಂದ್ರೆ ಒಂದೂ ಗೆಪ್ತಿಗೆ ಬರಾಕಿಲ್ಲ.' ಇಷ್ಟು ಹೇಳಿ ಕಂಬಳಿ ಎಳ್ಕೊಂಡ್ರು, ಊರಿನ ಹೆಸರು ಹೇಳಲೇ ಇಲ್ಲ."

"ಅಷ್ಟೇನಾ?"

"ಇನ್ನೊಂದು ಮಾತು ಇತ್ತು ಬುದ್ಧಿ." ಪಾಲಾಕ್ಷ ಕಣ್ಣು ತೆರೆದ. "ದಾಕ್ಷಿ ಏನಾದ್ರೂ ಬಂದ್ರೆ ಅಂತ ಶುರು ಮಾಡಿದ್ರು. ಅಷ್ಟರಲ್ಲಿ ಕೆಮ್ಮು ಬಂತು. ಕೆಮ್ಮಿನ ಮಧ್ಯೆ ಏನೋ ಅಂದ್ರು. ನನಗೆ ಕೇಳಿಸಲಿಲ್ಲ."

"ಎಡಿಟ್ ಮಾಡುವಾಗ?"

"ಬೇಡದ ಭಾಗ ಅಂತ ಓಡಿಸಿಬಿಟ್ಟೆ. ಬೇಕಾದಾಗ ಕೇಳ್ಕೊಳ್ಳೋಣ, ಮೂಲದಲ್ಲಿ ಇದ್ದೇ ಇರುತ್ತಲ್ಲ ಅಂದ್ಕೊಂಡೆ."

ಆ ಮಾತು ಇನ್ನು ಯಾರಿಗೂ ಸಿಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

"ಇದರಲ್ಲಿ ಪ್ರೀತಿ ಅಂದಳಾ?" ಗುರುಗಳು ಕೇಳಿದರು.

"ಇಲ್ಲ."

"ಕ್ಷಮಿಸಿದೆ ಅಂದಳಾ?"

"ಇಲ್ಲ ಬುದ್ಧಿ."

"ಮತ್ತೆ ಆ ಹೆಣ್ಣುಮಗಳಿಗೆ ನೀನು ಹೇಳಿದ್ದು ಏನು?"

ಪಾಲಾಕ್ಷನಿಗೆ ಉತ್ತರ ಗೊತ್ತಿತ್ತು. ಮೆಟ್ಟಿಲ ಮೇಲಿನ ಬೆನ್ನು ನೋಡಿ ಹೇಳಿದ.

"ಮತ್ತೆ ಎಡಿಟ್ ಮಾಡಿದೆ."

ಆಚೆ ದಡದಿಂದ ತೆಪ್ಪ ಹೊರಟಿತ್ತು. ಹುಟ್ಟು ಹಾಕುವ ಸದ್ದು ಕೇಳುತ್ತಿತ್ತು. ದಾಕ್ಷಾಯಿಣಿ ಎದ್ದು ಚೀಲ ಹೆಗಲಿಗೆ ಏರಿಸಿಕೊಂಡಳು.

"ಎಮ್ಮೆ ವಿಷಯ ಹೇಗೆ ಹೇಳ್ಲಿ ಬುದ್ಧಿ?" ಪಾಲಾಕ್ಷ ಕೇಳಿದ. "ಮುಂಡೇದು ಅಂದಿದ್ದು ಹೇಗೆ ಹೇಳ್ಲಿ? ಊರೆಲ್ಲ ಅಜ್ಜೀನ ದೊಡ್ಡ ವೈರಾಗಿ ಅಂತ ಪೂಜೆ ಮಾಡ್ತಿದೆ. ಮತ್ತೆ, ಕೊನೇ ಮಾತು ಕೇಳಿಸಲಿಲ್ಲ ಅಂತ ಅವರ ಮುಖ ನೋಡಿ ಹೇಗೆ ಹೇಳ್ಲಿ? ಏನೋ ಒಂದು ಸೇರಿಸಿ ಹೇಳಿದ್ರೆ..."

ಗುರುಗಳು ಅವನ ಹೆಗಲು ಹಿಡಿದು ಎದ್ದರು. ಅವನನ್ನೂ ಎಬ್ಬಿಸಿ ಮೆಟ್ಟಿಲಿನ ಕಡೆ ತಿರುಗಿಸಿದರು.

"ಡಿಸ್ಕಿನಲ್ಲಿ ಇದ್ದಾಗ ನೀನು ಮರೆತರೂ ನಡೀತಿತ್ತು ಪಾಲಾಕ್ಷ, ಈಗ ಮೂಲ ಅಂತ ಉಳಿದಿರೋದು ನೀನೊಬ್ಬನೇ. ಓಡು. ನಶ್ಯ ಕೇಳಿದ್ದರಿಂದ ಹಿಡಿದು ಹೇಳು, ಕೆಮ್ಮು ಬಂದ ಕಡೆ ಕೆಮ್ಮು ಬಂತು ಅನ್ನು."